ಒಂದು ಸೆಕೆಂಡಿಗೆ 19 ಸೆಂಟಿಮೀಟರ್

ಕನ್ನಡ ನಾಡಿನಲ್ಲಿ ಬಾನುಲಿ ಶುರುವಾದದ್ದು ಒಬ್ಬ ಕಾಲೇಜು ಮೇಷ್ಟ್ರ ಮನೆಯಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಮೊದಲು ಹೊತ್ತ ಕೇಂದ್ರಗಳಲ್ಲಿ ಅದೂ ಒಂದು. ತೊಂಬತ್ತರ ದಶಕದಲ್ಲಿ ಹಾಸನ, ಮಡಿಕೇರಿ, ಚಿತ್ರದುರ್ಗದಂಥ ಊರುಗಳಿಗೆ ಎಫ್‌ಎಂ ಸ್ಥಳೀಯ ಕೇಂದ್ರಗಳು ಬಂದಾಗ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರು ಧ್ವನಿಪರೀಕ್ಷೆ ಪಾಸಾಗಿ ತಾತ್ಕಾಲಿಕ ಉದ್ಘೋಷಕರಾಗಿ ಹೋಗತೊಡಗಿದರು. ಟೇಪ್ ಕತ್ತರಿಸಿ ಅಂಟಿಸುವುದು, ಮೈಕಿನ ಮುಂದೆ ಕೂರುವುದು, ಸಮಯ ಹೊಂದಿಸುವುದು: ಆಗ ಕೈಯಿಂದ ಕೈಗೆ ಬಂದ ಕಸುಬು ಇದು. ಎಲ್ಲೂ ಬರೆದಿಟ್ಟದ್ದು ಕಡಿಮೆ.

ಧ್ವನಿಮುದ್ರಣದ ಟೇಪ್ ಓಡುತ್ತಿದ್ದದ್ದು ಸೆಕೆಂಡಿಗೆ ಏಳೂವರೆ ಇಂಚು, ಅಂದರೆ 19 ಸೆಂಟಿಮೀಟರ್. ಏಳಿಂಚಿನ ಸ್ಪೂಲಿನಲ್ಲಿ, ಅಂದರೆ ಟೇಪ್ ಸುತ್ತುವ ಚಕ್ರದಲ್ಲಿ, 1200 ಅಡಿ ಟೇಪ್, ಸುಮಾರು 32 ನಿಮಿಷ. ಅರ್ಧ ಗಂಟೆಯ ಕಾರ್ಯಕ್ರಮ ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ಒಂದು ಕೆಮ್ಮು ತೆಗೆಯಬೇಕೆಂದರೆ ಗೇಣುದ್ದ ಟೇಪ್ ಕತ್ತರಿಸಿ ಬಿಸಾಡಬೇಕು. ಸ್ಪೂಲುಗಳನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸುತ್ತ ಶಬ್ದ ಹುಡುಕಿ, ಟೇಪಿನ ಹೊಳಪಿನ ಬೆನ್ನಿಗೆ ಹಳದಿ ಪೆನ್ಸಿಲಿನಿಂದ ಗುರುತು ಹಾಕಿ, ಕತ್ತರಿಸುವ ಅಚ್ಚಿನ ತೋಡಿನಲ್ಲಿಟ್ಟು 45 ಡಿಗ್ರಿ ಓರೆಯಾಗಿ ಬ್ಲೇಡ್ ಎಳೆಯುವುದು. ನೇರ ಕತ್ತರಿಸಿದರೆ ಜೋಡಣೆಯಲ್ಲಿ ‘ಟಪ್’ ಅನ್ನುತ್ತದೆ. ಬ್ಲೇಡಿಗೆ ಕಾಂತಗುಣ ಹತ್ತಿದ್ದರೂ ಅದೇ ಸದ್ದು. ಅಂಟಿಸುವುದಕ್ಕೆ ಈ ಜೋಡಣೆಗೆಂದೇ ಇರುವ ಸ್ಪ್ಲೈಸಿಂಗ್ ಟೇಪೇ ಬೇಕು, ಅದೂ ಬೆನ್ನಿನ ಕಡೆಗೆ ಮಾತ್ರ. ಸಾಮಾನ್ಯ ಸೆಲ್ಲೋಟೇಪಿನ ಅಂಟು ಸೆಕೆಗೆ ಒಸರಿ ಮುಂದಿನ ಸುತ್ತಿಗೆ ಹಿಡಿದುಕೊಳ್ಳುತ್ತದೆ, ಪ್ರಸಾರದ ನಡುವೆ ಟೇಪ್ ಎಳೆದಾಡುತ್ತದೆ.

ಎಲ್ಲಿ ಕತ್ತರಿಸಬೇಕು ಎಂಬುದೇ ನಿಜವಾದ ವಿದ್ಯೆ. ಕ, ತ, ಪ, ಟಗಳ ಮುಂಚೆ ಬಾಯಿ ಕ್ಷಣ ಮುಚ್ಚುವುದರಿಂದ ಅಲ್ಲೊಂದು ಪುಟ್ಟ ಮೌನವಿರುತ್ತದೆ. ಬ್ಲೇಡ್ ಅಲ್ಲಿ ಇಳಿದರೆ ಯಾರಿಗೂ ಗೊತ್ತಾಗದು. ಸಕಾರ, ಮಕಾರ, ಸ್ವರಗಳ ಮಧ್ಯೆ ಕತ್ತರಿಸಿದರೆ ಮಾತು ಜಿಗಿಯುತ್ತದೆ. ಉಸಿರು ಕೇಳಿಸಿತೆಂದು ಎಲ್ಲ ಉಸಿರನ್ನೂ ತೆಗೆಯುವುದು ಹೊಸಬರ ದೊಡ್ಡ ತಪ್ಪು, ಆ ಮನುಷ್ಯ ಉಸಿರುಗಟ್ಟಿ ಮಾತಾಡಿದಂತೆ ಕೇಳುತ್ತದೆ. ಇನ್ನೊಂದು, ಕನ್ನಡಕ್ಕೇ ಸೇರಿದ್ದು: ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ರೈತರಾಗಲಿ ಹಿರಿಯ ಹಾಡುಗಾರರಾಗಲಿ ಮಾತಿನ ತುದಿಗೆ ದನಿ ಇಳಿಸಿಬಿಡುತ್ತಾರೆ. ಗೊಬ್ಬರ ಹಾಕಿದರೋ, ಹಾಕಲಿಲ್ಲವೋ? ಆ ತುದಿ ಹೋದರೆ ಸಲಹೆಯೇ ತಲೆಕೆಳಗಾಗುತ್ತದೆ. ಆದ್ದರಿಂದ ರೆಕಾರ್ಡ್ ಮಾಡುವಾಗಲೇ ಕಡೆಯ ಪದ ಕೇಳಿಸಿತೇ ಎಂದು ನೋಡಿ, ಇಲ್ಲದಿದ್ದರೆ ಇನ್ನೊಮ್ಮೆ ಹೇಳಿಸಬೇಕು.

ಮೈಕು ಬಾಯಿಂದ ಒಂದು ಗೇಣು ದೂರ, ತುಸು ಓರೆಗೆ. ನೇರ ಎದುರಿದ್ದರೆ ಫ, ಭಗಳ ಗಾಳಿ ಬಡಿಯುತ್ತದೆ. ಓದುವ ಹಾಳೆಗಳು ಸದ್ದು ಮಾಡಬಾರದು: ಪಿನ್ ಬೇಡ, ಒಂದೇ ಮಗ್ಗುಲಿಗೆ ಬರೆದು, ಓದಿದ್ದನ್ನು ಮಗುಚದೆ ಪಕ್ಕಕ್ಕೆ ಜಾರಿಸಿದರೆ ಸಾಕು.

ಸಮಯದ ಲೆಕ್ಕ ಯಾವಾಗಲೂ ಹಿಂದಿನಿಂದ. 7 ಗಂಟೆ 5 ನಿಮಿಷಕ್ಕೆ ಸುದ್ದಿಯ ರಿಲೇ, ಅಂದರೆ ಬೇರೆ ಕೇಂದ್ರದ ಸುದ್ದಿಯನ್ನು ಹಾಗೇ ಬಿತ್ತರಿಸುವುದು, ಅಂದುಕೊಳ್ಳಿ. ಅದರ ಮುಂಚಿನ ಘೋಷಣೆಗೆ 15 ಸೆಕೆಂಡು, ಹಾಡು 3 ನಿಮಿಷ 20 ಸೆಕೆಂಡು. ಹಾಗಾದರೆ ಹಾಡು 7 ಗಂಟೆ 1 ನಿಮಿಷ 25 ಸೆಕೆಂಡಿಗೆ ಶುರುವಾಗಲೇಬೇಕು. ಹಾಡಿನ ಎಲ್‌ಪಿ ರೆಕಾರ್ಡಿನ ತಟ್ಟೆಯನ್ನು ಮೊದಲ ಸ್ವರದಿಂದ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದಿರಬೇಕು. ನಿಮಿಷಕ್ಕೆ 33 ಸುತ್ತಿನ ವೇಗಕ್ಕೆ ಅದು ಸುಮಾರು 0.9 ಸೆಕೆಂಡು, ತಟ್ಟೆ ವೇಗ ಹಿಡಿಯಲು ಅಷ್ಟು ಬಿಡದಿದ್ದರೆ ಹಾಡು ನರಳುತ್ತ ಏಳುತ್ತದೆ.

ಟೇಪಿನಿಂದ ಶಬ್ದ ಓದುವ ಹೆಡ್‌ಗಳನ್ನು ಪಾಳಿಯ ಆರಂಭದಲ್ಲೇ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಬೇಕು. ಟೇಪಿನ ಕಂದು ಪುಡಿ ಕೂತರೆ ಮೊದಲು ಮಂಕಾಗುವುದು ಸ, ಶಗಳೇ.

ಇಂದು ಎಡಿಟಿಂಗ್ ಎಲ್ಲ ಪರದೆಯ ಮೇಲೆ. ಆದರೂ ಹಳೆಯ ಸ್ಪೂಲುಗಳು ಎಷ್ಟೋ ಕಪಾಟುಗಳಲ್ಲಿವೆ, ಅವುಗಳಲ್ಲಿ ಈಗ ಇಲ್ಲದವರ ಸೋಬಾನೆ ಪದಗಳಿವೆ. ನಿಮ್ಮಲ್ಲಿ ಯಾರಿಗಾದರೂ ಅವುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಿಕ್ಕರೆ, ನೇರ ಪ್ಲೇ ಒತ್ತಬೇಡಿ. ಅಂಟು ಒಣಗಿ ಜೋಡಣೆಗಳು ಬಿಟ್ಟಿರುತ್ತವೆ. ಮೊದಲು ಕೈಯಲ್ಲೇ ನಿಧಾನ ಸುತ್ತುತ್ತ ಒಂದೊಂದನ್ನೂ ಮತ್ತೆ ಅಂಟಿಸಿ, ಪ್ರತಿ ಸ್ಪೂಲಿನ ನಂತರ ಹೆಡ್ ಒರೆಸಿ.