ಕರಡು 3: ಬೊಲೋನ್ಯಾದ ಸೈಕಲ್ ಹಾದಿ

ಇದು ನನ್ನ ಕಥೆಯ ಮೂರನೇ ಕರಡಿನಲ್ಲಿ ಮಾಡಿದ ತಿದ್ದುಪಡಿಗಳ ಟಿಪ್ಪಣಿ. ಸ್ಥಳ ಇಟಲಿಯ ಬೊಲೋನ್ಯಾ. ಕಾಲ 1944ರ ಜನವರಿಯಿಂದ 1945ರ ಏಪ್ರಿಲ್‌ವರೆಗೆ: ಮುಸೊಲಿನಿಯ ಸಾಲೋ ಸರ್ಕಾರ, ಅದರ ಬೆನ್ನಿಗೆ ಜರ್ಮನ್ ಸೇನೆ. ನಾಯಕಿ ಒಬ್ಬ ಸ್ಟಾಫೆಟ್ಟಾ, ಅಂದರೆ ಪಾರ್ಟಿಸಾನ್ (ಫ್ಯಾಸಿಸ್ಟ್ ವಿರೋಧಿ ಗೆರಿಲ್ಲಾ) ತಂಡಗಳ ನಡುವೆ ಚೀಟಿ, ಕರಪತ್ರ, ಕೆಲವೊಮ್ಮೆ ಮದ್ದುಗುಂಡು ಸಾಗಿಸುವವಳು. 'ಅಂಚೆಯವಳು' ಎಂದರೆ ಅಪಾಯವೇ ಕಾಣುವುದಿಲ್ಲ, 'ಓಲೆಕಾರ್ತಿ' ಎಂದರೆ ಕಥೆ ರಾಜರ ಕಾಲಕ್ಕೆ ಹೋಗಿಬಿಡುತ್ತದೆ. ಹಾಗಾಗಿ ಮೂಲ ಪದವೇ ಇರಲಿ.

ಅಧ್ಯಾಯ 1. ಜನವರಿಯ ತಪಾಸಣೆಯಲ್ಲಿ 'ಕಪ್ಪು ಬ್ರಿಗೇಡ್' (ಫ್ಯಾಸಿಸ್ಟ್ ಪಕ್ಷದ ಸಶಸ್ತ್ರ ಪಡೆ) ಬಂದುಬಿಟ್ಟಿತ್ತು. ಅದು ಹುಟ್ಟಿದ್ದೇ ಆ ವರ್ಷದ ಬೇಸಗೆಯಲ್ಲಿ. ಜನವರಿಗೆ ಸಾಲೋ ಸರ್ಕಾರದ ರಿಪಬ್ಲಿಕನ್ ನ್ಯಾಷನಲ್ ಗಾರ್ಡ್ ಸರಿ. ಬದಲಾಯಿಸಿದ್ದು ಒಂದೇ ಪದ.

ಅಧ್ಯಾಯ 3. ಹೆಚ್ಚು ಸಮಯ ತಿಂದದ್ದು ಇದು. ಹಿಂದಿನ ಕರಡಿನಲ್ಲಿ ನಾಯಕಿ 2,000 ಕರಪತ್ರಗಳನ್ನು ರವಿಕೆಯೊಳಗೆ ಕಟ್ಟಿಕೊಂಡು ಹೊರಡುತ್ತಿದ್ದಳು. ಲೆಕ್ಕ ಹಾಕಿದರೆ, 21×30 ಸೆಂ.ಮೀ. ಹಾಳೆ, ಚದರ ಮೀಟರಿಗೆ 40 ಗ್ರಾಂನ ತೆಳು ಕಾಗದ: ಹಾಳೆಗೆ ಎರಡೂವರೆ ಗ್ರಾಂ. ಒಟ್ಟು 5 ಕಿಲೋ, ದಪ್ಪ 10 ಸೆಂ.ಮೀ.ಗೂ ಹೆಚ್ಚು! ಈಗ 300 ಹಾಳೆ, ಮುಕ್ಕಾಲು ಕಿಲೋ, ಹೊಟ್ಟೆಗರ್ಧ ಬೆನ್ನಿಗರ್ಧ. ಕೋಟಿನಡಿ ಗೊತ್ತಾಗುವುದಿಲ್ಲ.

ಅಚ್ಚಾದ ಕೂಡಲೇ ಕಟ್ಟಿಕೊಳ್ಳುವುದೂ ತಪ್ಪು. ಸೈಕ್ಲೋಸ್ಟೈಲ್ (ಮೇಣದ ಸ್ಟೆನ್ಸಿಲ್ ಮೂಲಕ ಶಾಯಿ ಒತ್ತಿ ಪ್ರತಿ ತೆಗೆಯುವ ಯಂತ್ರ) ಶಾಯಿ ಬೇಗ ಆರುವುದಿಲ್ಲ. ಒಂದರ ಮೇಲೊಂದು ಒತ್ತಿದರೆ ಮೇಲಿನ ಹಾಳೆಯ ಬೆನ್ನಿಗೂ ಮೈಬಟ್ಟೆಗೂ ಹತ್ತುತ್ತದೆ. ನಡುವೆ ಹಳೆಯ ಪತ್ರಿಕೆಯ ಹಾಳೆ ಇಟ್ಟು ರಾತ್ರಿಯಿಡೀ ಬಿಡಬೇಕು. ಇದರಿಂದ ಕಥೆಗೇ ಲಾಭ: ಮನೆಯಲ್ಲಿ ಒಂದು ರಾತ್ರಿ ಒದ್ದೆ ಕರಪತ್ರಗಳ ಜೊತೆ ಕಳೆಯಬೇಕು. ಇನ್ನೊಂದು ಸೂಕ್ಷ್ಮ: ಮೇಣದ ಸ್ಟೆನ್ಸಿಲ್ ಕೊರೆಯುವಾಗ ಟೈಪ್‌ರೈಟರಿನ ರಿಬ್ಬನ್ ತೆಗೆದಿರಬೇಕು. ಕೀಲಿ ಜೋರಾಗಿ ಬಡಿದರೆ 'O' ಅಕ್ಷರದ ಒಳಗಿನ ಬಿಲ್ಲೆ ಉದುರಿ ಕಪ್ಪು ಚುಕ್ಕೆಯಾಗಿ ಅಚ್ಚಾಗುತ್ತದೆ. ಪೊಲೀಸರಿಗೆ ಸುಳಿವು ಸಿಗುವುದು ಆ ಚುಕ್ಕೆಗಳಿಂದಲೇ. ಗುಟ್ಟು ಬಿಟ್ಟುಕೊಡುವ ನೆರೆಯವನ ಪಾತ್ರ ಇನ್ನು ಬೇಡ.

ಅಧ್ಯಾಯ 5. ಇರ್ಮಾ ಬಾಂದಿಯೆರಾ ಸುದ್ದಿಯಾಗಿ ಮಾತ್ರ ಬರುತ್ತಾರೆ. 1944ರ ಆಗಸ್ಟ್ 14ರಂದು ಫ್ಯಾಸಿಸ್ಟರು ಚಿತ್ರಹಿಂಸೆ ಕೊಟ್ಟು ಕೊಂದ, ಸಂಗಾತಿಗಳ ಹೆಸರು ಹೇಳದ ಹೆಣ್ಣುಮಗಳು. ಅವರ ಬಾಯಿಗೆ ಸಂಭಾಷಣೆ ತುರುಕುವುದು ಸಲ್ಲದು. ಬ್ರೆಡ್ ಸಾಲಿನಲ್ಲಿ ಹೆಂಗಸರು ಪಿಸುಗುಡುವ ಎರಡು ಸಾಲು ಸಾಕು.

ಅಧ್ಯಾಯ 7. ನವೆಂಬರ್ 7, ಮಂಗಳವಾರ, ಬೊಲೋನ್ಯಾದ ನಗರದ್ವಾರ ಪೋರ್ತಾ ಲಾಮೆಯ ಬಳಿ ಪಾರ್ಟಿಸಾನರ ಕಾಳಗ. ಹಿಂದಿನ ಕರಡಿನಲ್ಲಿ ಆ ಸಂಜೆ ನಾಯಕಿ 'ಬೆಳದಿಂಗಳಲ್ಲಿ' ಸೈಕಲ್ ತುಳಿಯುತ್ತಿದ್ದಳು. ಆದರೆ ಹುಣ್ಣಿಮೆ ಅಕ್ಟೋಬರ್ 31ಕ್ಕೇ ಮುಗಿದಿತ್ತು. ಅಂದು ಚಂದ್ರ ಮೂಡುವುದು ನಡುರಾತ್ರಿಯ ಆಸುಪಾಸಿಗೆ. ಸೂರ್ಯ ಐದು ಗಂಟೆಗೆ ಮೊದಲೇ ಮುಳುಗುತ್ತಾನೆ. ಬೆಳದಿಂಗಳು ಹೋಗಿ ಕತ್ತಲೆ, ಪೋ ಬಯಲಿನ ಮಂಜು ಬಂದವು. ಅವಳು ಹೊರಟ ಮೊದೆನಾ ನಗರಕ್ಕೆ ಸುಮಾರು 40 ಕಿ.ಮೀ.; ಒಳ್ಳೆಯ ಟೈರಿದ್ದರೆ ಮೂರು ತಾಸು. ಆದರೆ ರಬ್ಬರ್ ಬರ, ತೇಪೆ ಹಾಕಿದ ಟೈರು, ತಪಾಸಣೆ ಠಾಣೆ ಸೇರಿದರೆ ಐದು. ಅಷ್ಟು ಹೊತ್ತಿಗೆ ಕರ್ಫ್ಯೂ. ಹಾಗಾಗಿ ಅವಳು ದಾರಿಯಲ್ಲೇ, ಒಂದು ರೈತರ ಮನೆಯ ಕೊಟ್ಟಿಗೆಯಲ್ಲಿ ಉಳಿಯಬೇಕು. ಹೊಸ ದೃಶ್ಯ, ಸುಮಾರು 900 ಪದ, ಇನ್ನೂ ಅರ್ಧ.

ಅಧ್ಯಾಯ 11. ಬಿಡುಗಡೆಯ ದಿನ ನಗರದೊಳಗೆ ಬೆಳಗಾವಿಯಲ್ಲಿ ತರಬೇತಾದ, ಬ್ರಿಟಿಷ್ ಭಾರತೀಯ ಸೇನೆಯ ಸಿಪಾಯಿಯೊಬ್ಬ ಎದುರಾಗುವ ದೃಶ್ಯವಿತ್ತು. ಆಸೆ ಸಹಜ: ಮರಾಠಾ ಲಘು ಪದಾತಿ ದಳದ ಕೇಂದ್ರ ಅಲ್ಲೇ ಇದೆ, ಅದರ ನಾಮದೇವ ಜಾಧವ್ 1945ರ ಏಪ್ರಿಲ್ 9ರಂದು ಇಟಲಿಯ ಸೆನಿಯೋ ನದಿಯ ಕದನದಲ್ಲಿ ತೋರಿದ ಶೌರ್ಯಕ್ಕೆ ವಿಕ್ಟೋರಿಯಾ ಕ್ರಾಸ್ ಪಡೆದವರು. ಆದರೆ ಏಪ್ರಿಲ್ 21ರಂದು ಬೊಲೋನ್ಯಾಕ್ಕೆ ಮೊದಲು ಕಾಲಿಟ್ಟದ್ದು ಪೋಲಿಷ್ ಪಡೆ. ಸಿಪಾಯಿಯನ್ನು ಸೆನಿಯೋ ದಂಡೆಗೆ ಕಳಿಸಿದರೆ ನಾಯಕಿಯನ್ನೂ ಅಲ್ಲಿಗೆ ಒಯ್ಯಬೇಕು. ಅದಕ್ಕೆ ನಡುವಿನ ಮುಂಚೂಣಿ ರೇಖೆ ಬಿಡುವುದಿಲ್ಲ. ದೃಶ್ಯ ಕತ್ತರಿಸಿದೆ.

ಬಾಕಿ: ಕೊಟ್ಟಿಗೆಯ ರಾತ್ರಿ, ಮತ್ತು ಅಧ್ಯಾಯ 9ರಲ್ಲಿ ಅವಳು ಒಂದೇ ಹೊತ್ತಿಗೆ ತಿನ್ನುವ ಅರ್ಧ ಕಿಲೋ ಬ್ರೆಡ್. ಯುದ್ಧದ ನಡುವೆ ತಲೆಗೆ ದಿನದ ಪಡಿತರ 150 ಗ್ರಾಂಗೆ ಇಳಿದಿದ್ದ ನಾಡು ಅದು.