ಫೆರಿಯಾಲೆ ಎಂದರೆ ರಜೆಯಲ್ಲ: ಟ್ಯೂರಿನ್‌ಗೆ ಡಾನ್ ಬೋಸ್ಕೊ ನೋಡಲು ಹೊರಟವರಿಗೆ

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಕ್ಕೆ ಇಟಲಿಯ ಟ್ಯೂರಿನ್ ಪಕ್ಕದ ಕಿಯೆರಿ ಊರಿನ ಬಸ್‌ಸ್ಟಾಪಿನಲ್ಲಿ ಇದ್ದದ್ದು ಒಂದು ಕಂಬ, ಅದಕ್ಕೆ ಅಂಟಿಸಿದ ವೇಳಾಪಟ್ಟಿ, ಒಂದು ಬೆಕ್ಕು, ನಾನು ಮತ್ತು ನಮ್ಮತ್ತೆ. ಬೀದಿ ಹುಡುಗರಿಗಾಗಿ ದುಡಿದ ಕ್ಯಾಥೊಲಿಕ್ ಸಂತ ಡಾನ್ ಬೋಸ್ಕೊ ಹುಟ್ಟಿ ಬೆಳೆದ ಕೊಲ್ಲೆ ಗುಡ್ಡಕ್ಕೆ ಹೋಗಬೇಕಿತ್ತು. ಬಸ್ಸುಗಳ ಹೆಸರಿನ ಎದುರು 'ಫೆರಿಯಾಲೆ' ಎಂದು ಬರೆದಿತ್ತು. ಇಟಲಿಯಲ್ಲಿ ಬೇಸಿಗೆ ರಜೆಗೆ 'ಫೆರಿಯೆ' ಅನ್ನುತ್ತಾರೆ ಅಂತ ಎಲ್ಲೋ ಓದಿದ್ದೆ. ಇದು ರಜಾದಿನದ ಬಸ್ಸು, ಇವತ್ತು ಭಾನುವಾರ, ಸರಿಹೋಯಿತು ಅಂದುಕೊಂಡು ಒಂದೂವರೆ ಗಂಟೆ ನಿಂತೆವು.

ಅತ್ತೆ ಚೀಲದಿಂದ ತಮ್ಮ ಚರ್ಚಿನ ಪೂಜಾ ಪಂಚಾಂಗ ತೆಗೆದು ನೋಡಿದರು. "ಇದರಲ್ಲಿ ಫೇರಿಯಾ ಅಂದರೆ ಯಾವ ಸಂತರ ಹಬ್ಬವೂ ಇಲ್ಲದ ಸಾದಾ ವಾರದ ದಿನ ಕಣಯ್ಯಾ" ಅಂದರು. ವೇಳಾಪಟ್ಟಿಯಲ್ಲೂ ಅದೇ ಅರ್ಥ! ಫೆರಿಯಾಲೆ ಎಂದರೆ ಸೋಮವಾರದಿಂದ ಶನಿವಾರ. ಭಾನುವಾರ, ಹಬ್ಬಗಳಿಗೆ 'ಫೆಸ್ತಿವೊ'. 'ಸ್ಕೊಲಾಸ್ತಿಕೊ' ಅಂತಿದ್ದರೆ ಶಾಲೆ ಇರುವ ದಿನ ಮಾತ್ರ. ನಾವು ನಿಂತಿದ್ದ ಕಂಬದಲ್ಲಿ ಫೆಸ್ತಿವೊ ಅನ್ನುವ ಪದವೇ ಇರಲಿಲ್ಲ. ಈ ಮೂರು ಪದ ಬಾಯಿಪಾಠ ಮಾಡಿಕೊಂಡು ಹೋಗಿ. ಬಸ್ಸಿನ ಟಿಕೆಟ್ಟನ್ನು ಮೊದಲೇ 'ತಬಾಕಿ' ಅನ್ನುವ ಬೀಡಿ-ಸಿಗರೇಟು ಅಂಗಡಿಯಲ್ಲಿ ಕೊಂಡಿಟ್ಟುಕೊಳ್ಳಿ. ಭಾನುವಾರ ಅವೂ ಬಹಳಷ್ಟು ಬಾಗಿಲು ಹಾಕಿರುತ್ತವೆ.

ಕೊನೆಗೆ ಕಾಫಿ ಅಂಗಡಿಯವಳು ಯಾರಿಗೋ ಫೋನ್ ಮಾಡಿ ಕಾರು ತರಿಸಿದಳು. ಹೋಗಿ ಬರಲು, ನಡುವೆ ಒಂದೂವರೆ ಗಂಟೆ ಕಾಯಲು 120 ಯೂರೊ. ಚೌಕಾಸಿಗೆ ಇಳಿದೆ. ಅವನು ಬೆಕ್ಕಿನ ಕಡೆ ನೋಡಿದ, ನಾನು ಕಾರು ಹತ್ತಿದೆ. ಟ್ಯೂರಿನ್‌ನಿಂದ ಕಿಯೆರಿಗೆ ಲೋಕಲ್ ರೈಲು ಬೇಕಾದಷ್ಟಿದೆ, ಅದರಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದೆಲ್ಲ ಕಿಯೆರಿಯಿಂದ ಆಚೆಗೆ. ವಾರದ ದಿನ ಬಸ್ಸಿನಲ್ಲಿ ಹೋದರೂ ಗುಡ್ಡದ ಕಡೆಯ ಊರಾದ ಕಾಸ್ತೆಲ್‌ನುವೊವೊದಲ್ಲಿ ಇಳಿದ ಮೇಲೆ ಗುಡ್ಡ ಇನ್ನೂ ನಾಲ್ಕೈದು ಕಿಲೋಮೀಟರ್ ದೂರ. ಮೊಣಕಾಲು ನೋವಿನವರನ್ನು ಕರೆದುಕೊಂಡು ಹೋಗುವವರು ಇದನ್ನು ಲೆಕ್ಕ ಹಾಕಿ.

ಗುಡ್ಡದ ಮೇಲೆ ಎಲ್ಲರೂ ಫೋಟೊ ತೆಗೆಯುವುದು ಒಂದು ಪುಟ್ಟ ರೈತರ ಮನೆಯ ಮುಂದೆ. ನಾನೂ ತೆಗೆದೆ. ಒಳಗಿನ ಫಲಕ ಓದಿದಾಗ ಗೊತ್ತಾಯಿತು, 1815ರ ಆಗಸ್ಟ್ 16ರಂದು ಮಗು ಹುಟ್ಟಿದ್ದು ಇಲ್ಲಲ್ಲ. ತಂದೆ 1817ರಲ್ಲಿ ತೀರಿಕೊಂಡ ಮೇಲೆ ತಾಯಿ ಮಾರ್ಗರಿಟಾ ಮಕ್ಕಳ ಜೊತೆ ಬಂದು ನೆಲೆಸಿದ ಮನೆ ಇದು. ಹುಟ್ಟಿದ್ದು ಬಿಲ್ಯೋನೆ ಅನ್ನುವವರ ತೋಟದ ಮನೆಯಲ್ಲಿ. ಅದನ್ನು 1950ರ ದಶಕದ ಕೊನೆಯಲ್ಲಿ ಕೆಡವಿ, ಆ ಜಾಗದಲ್ಲೇ ದೊಡ್ಡ ದೇವಾಲಯ ಕಟ್ಟಿದರು. ಸಂತನ ಗೌರವಕ್ಕಾಗಿ ಸಂತ ಹುಟ್ಟಿದ ಮನೆಯನ್ನೇ ನೆಲಸಮ ಮಾಡಿದ್ದಾರೆ. ನನಗೆ ನಗು ಬಂತು, ಅತ್ತೆಗೆ ಬರಲಿಲ್ಲ. ದೇವಾಲಯ ವಿಮಾನ ನಿಲ್ದಾಣದಷ್ಟು ದೊಡ್ಡದು, ಅಷ್ಟೇ ತಣ್ಣಗೆ. 2017ರ ಜೂನ್‌ನಲ್ಲಿ ಇಲ್ಲಿಂದ ಡಾನ್ ಬೋಸ್ಕೊ ಮೆದುಳಿನ ಅವಶೇಷ ಕಳವಾಗಿತ್ತು. ಅದನ್ನಿಟ್ಟಿದ್ದ ಕರಂಡಕ ಅಪ್ಪಟ ಚಿನ್ನದ್ದು ಅಂದುಕೊಂಡಿದ್ದ ಕಳ್ಳ. ಎರಡು ವಾರದೊಳಗೆ ಪಿನೆರೊಲೊ ಊರಿನಲ್ಲಿ ಅವನ ಅಡುಗೆಮನೆಯ ತಾಮ್ರದ ಕೆಟಲಿನೊಳಗೆ ಸಿಕ್ಕಿತು.

ನಿಜ ಹೇಳಬೇಕೆಂದರೆ, ಸಮಯ ಕಡಿಮೆ ಇದ್ದವರು ಗುಡ್ಡ ಬಿಟ್ಟು ಟ್ಯೂರಿನ್‌ನ ಡಾನ್ ಬೋಸ್ಕೊ ದುಡಿದ ವಾಲ್ದೊಕ್ಕೊ ಬಡಾವಣೆಯಲ್ಲೇ ಪೂರ್ತಿ ದಿನ ಕಳೆಯಿರಿ. 1846ರ ಈಸ್ಟರ್ ದಿನ ಬೀದಿ ಹುಡುಗರಿಗೆ ಮೊದಲ ಖಾಯಂ ನೆಲೆ ಸಿಕ್ಕಿದ ಪಿನಾರ್ದಿ ಕೊಟ್ಟಿಗೆಯ ಜಾಗ, 1868ರಲ್ಲಿ ಪ್ರತಿಷ್ಠೆಯಾದ ಸಹಾಯಮಾತೆ ಮರಿಯಳ ಬಸಿಲಿಕಾ ಎಂಬ ದೊಡ್ಡ ಚರ್ಚು, 2020ರಲ್ಲಿ ತೆರೆದ ವಸ್ತುಸಂಗ್ರಹಾಲಯ, ಎಲ್ಲ ಒಂದೇ ಅಂಗಳದಲ್ಲಿವೆ. ಬಸಿಲಿಕಾದ ನೆಲಮಾಳಿಗೆಗೆ ಮರೆಯದೆ ಇಳಿಯಿರಿ. ರೋಮನ್ ಕಾಲದ ಥೀಬನ್ ಸೈನ್ಯದ, ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳಾದ ಸೊಲುತೊರೆ, ಅವ್ವೆಂತೊರೆ, ಒತ್ತಾವಿಯೊ ಇವರನ್ನು ಈ ಬಯಲಿನಲ್ಲೇ ಕೊಂದರು ಎಂಬ ನಂಬಿಕೆ ಇದೆ. ವಾಲ್ದೊಕ್ಕೊ ಅನ್ನುವ ಹೆಸರನ್ನೇ 'ಕೊಲೆಯಾದವರ ಕಣಿವೆ' ಎಂದು ಬಿಡಿಸಿ ಹೇಳುವವರಿದ್ದಾರೆ. ಗೋಡೆಗಳ ತುಂಬ ಅವಶೇಷಗಳ ಪೆಟ್ಟಿಗೆಗಳು. ಮೇಲೆ ಸಾವಿರ ಜನ, ಕೆಳಗೆ ನಾವಿಬ್ಬರು ಮತ್ತು ಜಪಮಾಲೆ ಹಿಡಿದ ಒಬ್ಬ ಮುದುಕ.

ಮೇಲೆ ಅಷ್ಟು ಜನ ಯಾಕೆ ಅಂದರೆ ನಾವು ಹೋದದ್ದು ಮೇ 24ಕ್ಕೆ, ಸಹಾಯಮಾತೆಯ ಹಬ್ಬಕ್ಕೆ. ಸಂಜೆ ಬೀದಿಯಲ್ಲಿ ಮೆರವಣಿಗೆ. ಅತ್ತೆಗೆ ಜನ್ಮ ಸಾರ್ಥಕ. ನನಗೆ ಗುಂಪು ಆಗದು, ಆದ್ದರಿಂದ ನನ್ನ ಸಲಹೆಯನ್ನು ಅಷ್ಟೇ ತೂಕದಲ್ಲಿ ತಗೊಳ್ಳಿ: ಮೇ 24ಕ್ಕೂ ಜನವರಿ 31ಕ್ಕೂ ಹೋಗಬೇಡಿ. ಎರಡನೆಯದು 1888ರಲ್ಲಿ ಡಾನ್ ಬೋಸ್ಕೊ ತೀರಿಕೊಂಡ ದಿನ. ಮತ್ತೊಮ್ಮೆ ಹೋದರೆ ನಾನು ಫೆಬ್ರುವರಿ 25 ಆರಿಸುತ್ತೇನೆ. 1930ರ ಅದೇ ದಿನ ಚೀನಾದಲ್ಲಿ ಡಾನ್ ಬೋಸ್ಕೊ ಕಟ್ಟಿದ ಸಲೇಷಿಯನ್ ಸಭೆಯವರಾದ ಬಿಷಪ್ ಲುಯಿಜಿ ವೆರ್ಸಿಲ್ಯಾ ಮತ್ತು 26 ವರ್ಷದ ಫಾದರ್ ಕಲಿಸ್ತೊ ಕರವಾರಿಯೊ ಇಬ್ಬರನ್ನೂ ದರೋಡೆಕೋರರು ಕೊಂದರು. ದೋಣಿಯಲ್ಲಿ ಜೊತೆಗಿದ್ದ ಮೂವರು ಯುವತಿಯರನ್ನು ಬಿಟ್ಟುಕೊಡದೆ ಅಡ್ಡ ನಿಂತದ್ದೇ ಕಾರಣ. 2000ದಲ್ಲಿ ಸಂತರಾದರು. ವೆರ್ಸಿಲ್ಯಾ ಹನ್ನೆರಡರ ವಯಸ್ಸಿನಲ್ಲಿ ಇದೇ ವಾಲ್ದೊಕ್ಕೊ ಶಾಲೆಗೆ ಸೇರಿದಾಗ ಪಶುವೈದ್ಯನಾಗುವ ಆಸೆ ಇಟ್ಟುಕೊಂಡಿದ್ದ ಹುಡುಗ. ಅಂಗಡಿಯಲ್ಲಿ ಡಾನ್ ಬೋಸ್ಕೊ ಚಿತ್ರದ ಮಗ್ಗು, ಟೋಪಿ, ಕೀಚೈನು ಎಲ್ಲ ಸಿಕ್ಕವು. ಈ ಇಬ್ಬರ ಒಂದು ಪಟ ಹುಡುಕಲು ಅಂಗಡಿಯಾತ ಏಣಿ ಹತ್ತಬೇಕಾಯಿತು.

ಹಬ್ಬದ ವಾರ ರೂಮಿನ ಬಾಡಿಗೆಯೂ ಏರುತ್ತದೆ. ಲಿಫ್ಟಿಲ್ಲದ ಮೂರನೇ ಮಹಡಿಗೆ ರಾತ್ರಿಗೆ 118 ಯೂರೊ ಕೊಟ್ಟೆವು. ಪ್ರವಾಸಿ ತೆರಿಗೆ ಬೇರೆ, ಅದೂ ನಗದು. ಕಿಟಕಿ ತೆರೆದರೆ ಪಕ್ಕದ ಗೋಡೆ ಮುಟ್ಟಬಹುದಿತ್ತು.

ಈ ಸಂಕಟವನ್ನೆಲ್ಲ ಮರೆಸಿದ್ದು ಬಸಿಲಿಕಾದಿಂದ ಹತ್ತು ನಿಮಿಷ ನಡೆದರೆ ಸಿಗುವ ಪೋರ್ತಾ ಪಲಾತ್ಸೊ ಸಂತೆಯ ಬಳಿಯ ಒಂದು ಗೂಡಿನಂಥ ಅಂಗಡಿ. ಹೆಸರಿನ ಫಲಕವೇ ಇರಲಿಲ್ಲ. ಅಲ್ಲಿ ಸಿಗುವುದು 'ಫರಿನಾತಾ'. ಕಡಲೆಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಗಾಡಿಚಕ್ರದಷ್ಟು ದೊಡ್ಡ ತಾಮ್ರದ ತಟ್ಟೆಗೆ ತೆಳ್ಳಗೆ ಸುರಿದು, ಸೌದೆ ಒಲೆಯೊಳಗೆ ತಳ್ಳುತ್ತಾರೆ. ಮೇಲೆ ಗರಿಗರಿ, ಒಳಗೆ ಹಾಲುಬಾಯಿಯಷ್ಟು ಮೆತ್ತಗೆ. ಮೇಲೊಂದಿಷ್ಟು ಕರಿಮೆಣಸಿನ ಪುಡಿ. ಕಾಗದದಲ್ಲಿ ಸುತ್ತಿ ಮೂರು ಯೂರೊಗೆ ಕೊಡುತ್ತಾರೆ, ಕೈ ಸುಟ್ಟುಕೊಂಡು ನಿಂತೇ ತಿನ್ನಬೇಕು. ಮಾಂಸ, ಮೊಟ್ಟೆ, ಬೆಣ್ಣೆ ಯಾವುದೂ ಇಲ್ಲದ್ದರಿಂದ ಸಸ್ಯಾಹಾರಿಗಳು ಇನ್ನೊಂದು ಪ್ರಶ್ನೆ ಕೇಳದೆ ತಿನ್ನಬಹುದು. ಮೊದಲ ದಿನ ಹೋದಾಗ ಅತ್ತೆ ಮೂಸಿ ನೋಡಿ "ಹಸಿಮೆಣಸಿನಕಾಯಿ ಹಾಕಬೇಕಿತ್ತು" ಅಂದರು. ಮರುದಿನದಿಂದ ಬಲಿಪೂಜೆ ಮುಗಿದ ತಕ್ಷಣ ಅವರೇ ಮುಂದೆ, ನಾನು ಹಿಂದೆ. ನಾಲ್ಕು ದಿನದಲ್ಲಿ ಒಲೆಯ ಹುಡುಗ ಅವರಿಗೆ ಅಂಚಿನ ಕೆಂಪು ತುಂಡನ್ನೇ ಎತ್ತಿಡತೊಡಗಿದ. ಹನ್ನೆರಡಕ್ಕೆ ಮುಂಚೆ ಹೋಗಿ. ಸಂತೆಗೆ ಭಾನುವಾರ ರಜೆ. ಅದೂ ಫೆರಿಯಾಲೆ.

ಗುಡ್ಡದಿಂದ ಇಳಿಯುವಾಗ ಚಾಲಕ ಇನ್ನೂ 30 ಯೂರೊ ಕೊಟ್ಟರೆ ಮೊಂದೋನಿಯೊಗೂ ಹೋಗೋಣ ಎಂದ. 1857ರ ಮಾರ್ಚ್ 9ರಂದು, ಹದಿನೈದು ತುಂಬುವ ಮೊದಲೇ, ಡಾನ್ ಬೋಸ್ಕೊ ಶಿಷ್ಯ ದೊಮೆನಿಕೊ ಸಾವಿಯೊ ತೀರಿಕೊಂಡ ಮನೆ ಅಲ್ಲಿದೆ. ಭಕ್ತಿಗೆ ಅಡ್ಡಬರಬಾರದೆಂದು ನಾನು ಪರ್ಸು ತೆಗೆದೆ. ಅತ್ತೆ ಕೈ ಹಿಡಿದರು. "ಬೇಡ. ಆ ಹುಡುಗನ ಅಸ್ಥಿ ಟ್ಯೂರಿನ್‌ನ ಬಸಿಲಿಕಾದಲ್ಲೇ ಇದೆ, ಮೊನ್ನೆ ಮಂಡಿಯೂರಿ ಬಂದೆನಲ್ಲ. ಅವನಿಲ್ಲದ ಮನೆಗೆ ಮೂವತ್ತು ಯೂರೊ ಯಾಕೆ?"