ಫ್ರಿಸ್ಕೊ ಮೈದಾನದಲ್ಲಿ ಕುಮಾರ್

ಸ್ಪೀಕರ್‌ನಲ್ಲಿ "ಕುಮಾರ್ ರಾಕರ್" ಅಂತ ಹೆಸರು ಕೂಗಿದ್ದೇ ತಡ, ಕಡಲೆಕಾಯಿ ಬಿಡಿಸುತ್ತಿದ್ದ ಅಪ್ಪನ ಕೈ ನಿಂತಿತು.

"ಏನಂದ? ಕುಮಾರ್ ಅಂದ್ನಾ? ನಮ್ಮ ಕಡೆ ಹುಡುಗನೇನೋ?"

2024ರ ಆಗಸ್ಟ್ ಅದು. ಅಪ್ಪ ಹಾಸನದಿಂದ ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ಡಲ್ಲಾಸ್‌ನ ಉತ್ತರಕ್ಕಿರುವ ಈ ಫ್ರಿಸ್ಕೊ ಊರಲ್ಲಿ ಅವರಿಗೆ ಬೇಜಾರೇನೂ ಆಗಿರಲಿಲ್ಲ. ಶನಿವಾರ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನ, ಬೆಳಗ್ಗೆ ವಾಕಿಂಗ್ ಹೋದರೆ ಮೈಸೂರು, ದಾವಣಗೆರೆ ಕಡೆಯ ಹಿರಿಯರು ಸಿಗುತ್ತಿದ್ದರು. ಆದರೂ ಇಲ್ಲಿಯವರ ಆಟ ಒಂದು ಸಲ ನೋಡದೆ ಊರಿಗೆ ಹೋಗಬಾರದು ಅಂತ ನಾನೇ ಬಲವಂತ ಮಾಡಿ ರೈಡರ್ಸ್ ಫೀಲ್ಡ್‌ಗೆ ಕರೆದುಕೊಂಡು ಹೋಗಿದ್ದೆ. ಫ್ರಿಸ್ಕೊ ರಫ್‌ರೈಡರ್ಸ್ ಅನ್ನೋ ಬೇಸ್‌ಬಾಲ್ ತಂಡದ ಮೈದಾನ ಅದು. ಬಲಗಡೆ ಬೇಲಿಯ ಆಚೆ ಒಂದು ನೀರಿನ ಕಾಲುವೆ ಇದೆ. ಮಕ್ಕಳು ಟ್ಯೂಬ್ ಮೇಲೆ ಮಲಗಿ ತೇಲುತ್ತಾ ಆಟ ನೋಡುತ್ತಾರೆ. ಸಂಜೆ ಏಳಾದರೂ ಬಿಸಿಲು ಇಳಿದಿರಲಿಲ್ಲ. ನಮಗೂ ಆ ನೀರಿಗೆ ಇಳಿಯೋಣ ಅನ್ನಿಸುವಷ್ಟು ಸೆಕೆ.

ಅಪ್ಪನ ಪ್ರಶ್ನೆಗೆ ಅರ್ಧ ಹೌದು ಅಂತಲೇ ಹೇಳಬೇಕು. ಕುಮಾರ್‌ನ ತಾಯಿ ಲಲಿತಾ, ಇಂಡಿಯಾದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬದವರು. ತಂದೆ ಟ್ರೇಸಿ ರಾಕರ್ ಅಲಬಾಮಾದ ಆಬರ್ನ್ ಯೂನಿವರ್ಸಿಟಿಯಲ್ಲಿ ಹೆಸರು ಮಾಡಿದ ಅಮೆರಿಕನ್ ಫುಟ್‌ಬಾಲ್ ಆಟಗಾರ, ಆಮೇಲೆ ಕೋಚ್. ಇದನ್ನು ಹೇಳಿದ ಕೂಡಲೇ ಅಪ್ಪನಿಗೆ ಇನ್ನೊಂದು ನೆನಪಾಯಿತು. ಅದೇ ಜೂನ್‌ನಲ್ಲಿ ಇಲ್ಲೇ ಹತ್ತಿರದ ಗ್ರ್ಯಾಂಡ್ ಪ್ರೇರಿಯಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿತ್ತಲ್ಲ, ಅದರಲ್ಲಿ ಮೂರು ವಿಕೆಟ್ ತೆಗೆದ ನಮ್ಮ ಚಿಕ್ಕಮಗಳೂರಿನ ನೋಸ್ತುಶ್ ಕೆಂಜಿಗೆ ಹುಟ್ಟಿದ್ದೂ ಆಬರ್ನ್‌ನಲ್ಲೇ. ಆ ಕ್ರಿಕೆಟ್ ಮೈದಾನ ಕೂಡ ಮೊದಲು ಬೇಸ್‌ಬಾಲ್ ಮೈದಾನವಾಗಿತ್ತು!

ಆರಡಿ ಐದಿಂಚಿನ ಆಳು, ಕುಮಾರ್, ಬಾಲ್ ಎಸೆಯುವ ದಿಬ್ಬದ ಮೇಲೆ ನಿಂತ. ಮೊದಲ ಎಸೆತ ನೋಡಿ ಅಪ್ಪ ಅಂದದ್ದು, "ಇದು ಚಕ್ಕಿಂಗ್ ಅಲ್ವೇನೋ?"

ಅಪ್ಪ ಕಾಲೇಜಿನಲ್ಲಿ ಹೊಸ ಬಾಲ್ ಹಾಕುತ್ತಿದ್ದವರು. ಅವರ ಕಣ್ಣು ಮೊದಲು ಹೋಗೋದು ಮೊಣಕೈಗೇ. ನಮ್ಮಲ್ಲಿ ಕೈ ನೇರವಾಗಿ ತಿರುಗಿ ಬರಬೇಕು. ಇಲ್ಲಿ ಮೊಣಕೈ ಮಡಚಿ, ಚಾಟಿ ಬೀಸಿದ ಹಾಗೆ ಬಿಡುತ್ತಾರೆ. ಅರವತ್ತೂವರೆ ಅಡಿ ದೂರಕ್ಕೆ, ಓಡಿ ಬರದೆ, ನಿಂತ ಜಾಗದಿಂದಲೇ. ಭಾರವೆಲ್ಲ ಮೊಣಕೈ ಮೇಲೆ, ಹೆಗಲ ಮೇಲೆ. ಕುಮಾರ್‌ನ ಕತೆ ಪೂರ್ತಿ ಇರೋದೂ ಆ ಎರಡು ಕೀಲುಗಳಲ್ಲೇ.

ಇಲ್ಲಿ ಹುಡುಗರು ದೊಡ್ಡ ತಂಡಕ್ಕೆ ಹೋಗುವ ದಾರಿ ನಮ್ಮ ಹಾಗಲ್ಲ. ನಮ್ಮಲ್ಲಿ ಕಾಲೇಜು ಒಂದು ಕಡೆ, ರಾಜ್ಯ ತಂಡದ ಸೆಲೆಕ್ಷನ್ ಇನ್ನೊಂದು ಕಡೆ. ಇಲ್ಲಿ ಕಾಲೇಜೇ ಒಂದು ದೊಡ್ಡ ಬಾಗಿಲು. ಪ್ರತಿ ಜುಲೈನಲ್ಲಿ ಡ್ರಾಫ್ಟ್ ನಡೆಯುತ್ತದೆ. ಎಲ್ಲಕ್ಕಿಂತ ಮೇಲಿನ ಮೇಜರ್ ಲೀಗ್‌ನ 30 ತಂಡಗಳು ಸರದಿ ಪ್ರಕಾರ ಹುಡುಗರ ಹೆಸರು ಹೇಳುತ್ತವೆ. ಈಗ 20 ಸುತ್ತು, ಅಂದರೆ ಆರುನೂರರಷ್ಟು ಹುಡುಗರು. ಯಾವ ತಂಡ ಅಂತ ಹುಡುಗ ಆರಿಸುವ ಹಾಗಿಲ್ಲ. ಹೈಸ್ಕೂಲ್ ಮುಗಿದಾಗ ಹೋಗಬಹುದು. ನಾಲ್ಕು ವರ್ಷದ ಕಾಲೇಜಿಗೆ ಸೇರಿದರೆ ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ಇಲ್ಲ 21 ತುಂಬಬೇಕು.

2018ರಲ್ಲಿ ಕುಮಾರ್ ಜಾರ್ಜಿಯಾದಲ್ಲಿ ಹೈಸ್ಕೂಲ್ ಮುಗಿಸಿದಾಗ ಕೊಲರಾಡೊ ತಂಡ ಅವನ ಹೆಸರು ಹೇಳಿದ್ದು 38ನೇ ಸುತ್ತಿನಲ್ಲಿ. ಆಗ ಸುತ್ತುಗಳು 40 ಇದ್ದವು. ಅವನು ಒಪ್ಪದೆ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಗೆ ಓದಲು ಹೋದ. ಮೊದಲ ವರ್ಷದಲ್ಲೇ, 2019ರ ಜೂನ್ 8ರಂದು, ಡ್ಯೂಕ್ ಯೂನಿವರ್ಸಿಟಿ ವಿರುದ್ಧ ಒಬ್ಬನಿಗೂ ಒಂದು ಹಿಟ್ ಕೊಡಲಿಲ್ಲ, ಅಂದರೆ ಬಾಲ್ ಹೊಡೆದು ಬೇಸ್ ಮುಟ್ಟಲು ಬಿಡಲಿಲ್ಲ. ಒಟ್ಟು 27 ಔಟ್‌ನಲ್ಲಿ 19 ಸ್ಟ್ರೈಕ್‌ಔಟ್, ಅಂದರೆ ಫೀಲ್ಡರ್‌ಗಳ ನೆರವಿಲ್ಲದೆ ಎಸೆತದಲ್ಲೇ ತೆಗೆದದ್ದು. ಅದೂ ಸೋತರೆ ಆ ವರ್ಷದ ಆಟವೇ ಮುಗಿಯುವಂಥ ಪಂದ್ಯದಲ್ಲಿ. ಅದೇ ತಿಂಗಳು ಅವನ ತಂಡ ಒಮಾಹಾದಲ್ಲಿ ಕಾಲೇಜು ವರ್ಲ್ಡ್ ಸೀರೀಸ್ ಗೆದ್ದಿತು. ಸರಣಿಯ ಶ್ರೇಷ್ಠ ಆಟಗಾರನೂ ಅವನೇ.

ಮುಂದಿನ ವರ್ಷ ಕೊರೋನಾ ತಿಂದು ಹಾಕಿತು. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಅವನನ್ನು 10ನೆಯವನಾಗಿ ಆರಿಸಿತು. ಸುಮಾರು 60 ಲಕ್ಷ ಡಾಲರ್‌ಗೆ ಮಾತುಕತೆ ಆಗಿತ್ತು. ಆಮೇಲೆ ಡಾಕ್ಟರ ಪರೀಕ್ಷೆಯ ರಿಪೋರ್ಟ್ ಬಂತು. ತಂಡ ಸಹಿ ಹಾಕಲಿಲ್ಲ. ಕೊನೇ ದಿನ ಕಳೆದುಹೋಯಿತು. ಆ ವರ್ಷ ಬೇರೆ ತಂಡ ಸೇರುವ ಹಾಗೂ ಇಲ್ಲ. ಮುಂದಿನ ಜುಲೈವರೆಗೆ ಕಾಯಬೇಕು.

ನನ್ನ ಮನಸ್ಸಿನಲ್ಲಿ ಉಳಿದಿರೋದು ಇದರ ನಂತರದ್ದು. ಆ ಸೆಪ್ಟೆಂಬರ್‌ನಲ್ಲಿ ಹೆಗಲಿಗೆ ಆಪರೇಶನ್ ಆಯಿತು. 2022ರ ಬೇಸಿಗೆಯಲ್ಲಿ ಅವನು ನ್ಯೂಯಾರ್ಕ್ ರಾಜ್ಯದ ಟ್ರಾಯ್ ಅನ್ನೋ ಊರಿಗೆ ಹೋದ. ಅಲ್ಲಿ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಅಂತ ಒಂದು ತಂಡ, ಫ್ರಾಂಟಿಯರ್ ಲೀಗ್‌ನದು. ಯಾವ ದೊಡ್ಡ ತಂಡದ ಕೊಂಡಿಯೂ ಇಲ್ಲದ, ಸಂಬಳ ಅಷ್ಟಕ್ಕಷ್ಟೇ ಇರುವ ಲೀಗ್. ಯಾರೂ ಆರಿಸದೆ ಬಿಟ್ಟ ಹುಡುಗರು, ದೊಡ್ಡ ತಂಡಗಳು ಕೈಬಿಟ್ಟವರು ಇನ್ನೊಂದು ಅವಕಾಶಕ್ಕೆ ಆಡುವ ಜಾಗ. ಒಂದು ವರ್ಷದ ಹಿಂದೆ ಒಮಾಹಾದ ತುಂಬಿದ ಮೈದಾನದಲ್ಲಿ ಫೈನಲ್ ಆಡಿದವನು ಅಲ್ಲಿ ಐದು ಪಂದ್ಯ ಆಡಿದ. 20 ಇನಿಂಗ್ಸ್ (ಇಲ್ಲಿ ಮೂರು ಔಟ್‌ಗೆ ಒಂದು ಇನಿಂಗ್ಸ್), 32 ಸ್ಟ್ರೈಕ್‌ಔಟ್. ಮನೆಯಲ್ಲೇ ಕೂತು, ಹಳೇ ಹೆಸರಿನ ಮೇಲೆ ನಂಬಿಕೆ ಇಟ್ಟು ಕಾಯಬಹುದಿತ್ತು. ಕೈ ಸರಿಯಿಲ್ಲ ಅಂತ ಊರಿಗೆಲ್ಲ ಗೊತ್ತಾದ ಮೇಲೆ ಹೋಗಿ ಅದೇ ಕೈ ತೋರಿಸೋದಕ್ಕೆ ಗಟ್ಟಿ ಗುಂಡಿಗೆ ಬೇಕು. ಆ ಜುಲೈನಲ್ಲಿ ಟೆಕ್ಸಾಸ್ ರೇಂಜರ್ಸ್ ಅವನನ್ನು ಮೂರನೆಯವನಾಗಿ ಆರಿಸಿತು. ಸಹಿ ಹಾಕಿದ್ದಕ್ಕೆ 52 ಲಕ್ಷ ಡಾಲರ್ ಬೋನಸ್. ಕಾಲೇಜಿನಲ್ಲಿ ಜೊತೆಗೆ ಬಾಲ್ ಎಸೆಯುತ್ತಿದ್ದ ಜ್ಯಾಕ್ ಲೈಟರ್ ಹಿಂದಿನ ವರ್ಷವೇ ಅದೇ ತಂಡ ಸೇರಿದ್ದ.

ಇಷ್ಟು ಹೇಳೋ ಹೊತ್ತಿಗೆ ಪಕ್ಕದ ಸೀಟಿನ ಟೆಕ್ಸಾಸ್ ತಾತ ನಮ್ಮ ಕಡೆ ತಿರುಗಿದ್ದರು. ಕನ್ನಡ ಅರ್ಥವಾಗದಿದ್ದರೂ ರಾಕರ್ ಹೆಸರು ಕೇಳಿಸಿತ್ತು. "ಮೊಣಕೈ ಕತೆ ಹೇಳಿದ್ಯಾ?" ಅಂತ ಕೇಳಿದರು. ಹೇಳಿರಲಿಲ್ಲ. 2023ರಲ್ಲಿ ನಾರ್ತ್ ಕೆರೊಲಿನಾದ ಹಿಕರಿಯಲ್ಲಿ ರೇಂಜರ್ಸ್‌ನ ಕೆಳಹಂತದ ತಂಡಕ್ಕೆ ಆರು ಪಂದ್ಯ ಆಡುವಷ್ಟರಲ್ಲಿ ಕುಮಾರ್‌ನ ಮೊಣಕೈ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಹರಿಯಿತು. ಮೇನಲ್ಲಿ ಟಾಮಿ ಜಾನ್ ಆಪರೇಶನ್. 1974ರಲ್ಲಿ ಫ್ರ್ಯಾಂಕ್ ಜೋಬ್ ಅನ್ನೋ ಡಾಕ್ಟರು ಟಾಮಿ ಜಾನ್ ಅನ್ನೋ ಆಟಗಾರನಿಗೆ ಮೊದಲು ಮಾಡಿದ್ದು.

ತಾತ ಅಪ್ಪನ ಬಲಗೈ ಹಿಡಿದು, ಹೆಬ್ಬೆರಳು ಕಿರುಬೆರಳು ಕೂಡಿಸಿ, ಮಣಿಕಟ್ಟನ್ನು ಸ್ವಲ್ಪ ಒಳಗೆ ಬಾಗಿಸಿದರು. ಮಣಿಕಟ್ಟಿನ ನಡುವೆ ಒಂದು ತೆಳು ಹುರಿ ಚರ್ಮದ ಕೆಳಗೆ ಎದ್ದು ನಿಂತಿತು. ಹರಿದ ಕಟ್ಟಿನ ಜಾಗಕ್ಕೆ ಹಾಕಲು ತುಂಬಾ ಸಲ ತೆಗೆಯೋದು ಇದನ್ನೇ. ಇದಿಲ್ಲದಿದ್ದರೂ ಕೈ ನಡೆಯುತ್ತದೆ. ಮೊಣಕೈ ಮೂಳೆಗೆ ತೂತು ಕೊರೆದು, ಅದರೊಳಗೆ ದಾರದ ಹಾಗೆ ಪೋಣಿಸಿ ಬಿಗಿಯುತ್ತಾರೆ. ಅಪ್ಪ ಎಡಗೈಯನ್ನೂ ಹಾಗೇ ಮಡಚಿ ನೋಡಿಕೊಂಡರು. ಅಲ್ಲಿ ಹುರಿಯೇ ಇರಲಿಲ್ಲ. ಕೆಲವರಿಗೆ ಇರೋದಿಲ್ಲ, ಅವರಿಗೆ ಕಾಲಿಂದ ತೆಗೆಯುತ್ತಾರೆ ಅಂದರು ತಾತ. ಎಪ್ಪತ್ತೊಂದು ವರ್ಷ ತಮ್ಮ ಎರಡು ಕೈ ಬೇರೆ ಬೇರೆ ಇದ್ದದ್ದು ಗೊತ್ತೇ ಇರಲಿಲ್ಲವಲ್ಲ ಅಂತ ಅಪ್ಪ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತರು.

ಆ ಆಪರೇಶನ್ ಆದವರು ಮತ್ತೆ ಪಂದ್ಯ ಆಡಲು ಒಂದು ವರ್ಷದ ಮೇಲೇ ಬೇಕು. ಮೊದಲ ತಿಂಗಳುಗಳು ಬಾಲ್ ಮುಟ್ಟುವ ಹಾಗೂ ಇಲ್ಲ. ಕುಮಾರ್ ಮತ್ತೆ ಪಂದ್ಯಕ್ಕೆ ಇಳಿದದ್ದು 2024ರ ಜುಲೈನಲ್ಲಿ. ನಾವು ನೋಡಿದ್ದು ಅದಾದ ಕೆಲವೇ ವಾರಗಳಿಗೆ. ಸ್ಲೈಡರ್ ಅನ್ನೋ ಅವನ ಎಸೆತ ಬ್ಯಾಟ್ಸ್‌ಮನ್ ಕಡೆ ನೇರ ಬಂದಂತೆ ಕಂಡು ಕೊನೆಗೆ ಕೆಳಗೆ ಜಾರುತ್ತಿತ್ತು. "ಒಳ್ಳೇ ಕಟ್ಟರ್ ಹಾಕ್ತಾನೆ" ಅಂದರು ಅಪ್ಪ.

ಫ್ರಿಸ್ಕೊದಿಂದ ರೇಂಜರ್ಸ್ ಆಡುವ ಆರ್ಲಿಂಗ್ಟನ್‌ಗೆ ಕಾರಲ್ಲಿ ಮುಕ್ಕಾಲು ಗಂಟೆ. ಆದರೆ ಈ ಮೈದಾನದ ಹುಡುಗರಲ್ಲಿ ಹೆಚ್ಚಿನವರಿಗೆ ಆ ದಾರಿ ಮುಗಿಯೋದೇ ಇಲ್ಲ. ಇದು ರೇಂಜರ್ಸ್‌ನ ಡಬಲ್ ಎ ತಂಡ, ಮೇಜರ್ ಲೀಗ್‌ಗಿಂತ ಎರಡು ಮೆಟ್ಟಿಲು ಕೆಳಗೆ. ಇದರ ಮೇಲೆ ಆಸ್ಟಿನ್ ಹತ್ತಿರ ರೌಂಡ್ ರಾಕ್‌ನ ಟ್ರಿಪಲ್ ಎ. 2023ರ ಹೊಸ ಒಪ್ಪಂದದ ಪ್ರಕಾರ ಡಬಲ್ ಎ ಹುಡುಗನಿಗೆ ವರ್ಷಕ್ಕೆ ಕನಿಷ್ಠ 30,250 ಡಾಲರ್ ಆಗಿತ್ತು. 2024ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,40,000. ಕುಮಾರ್ ಕೈಯಲ್ಲಿ ಬೋನಸ್ ಇತ್ತು. ಅವನ ಹಿಂದೆ ಫೀಲ್ಡಿಂಗ್ ಮಾಡುತ್ತಿದ್ದ ಎಷ್ಟೋ ಹುಡುಗರಿಗೆ ಈ ಸಂಬಳವೇ ಎಲ್ಲ. ಅವರನ್ನು ನೋಡಿದಾಗ ನನಗೆ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ), ದಿನೇಶ್ ಪಟೇಲ್ ನೆನಪಾಗುತ್ತಾರೆ. ಜಾವೆಲಿನ್ ಎಸೆಯುತ್ತಿದ್ದ ಆ ಇಬ್ಬರನ್ನು 2008ರಲ್ಲಿ ಪಿಟ್ಸ್‌ಬರ್ಗ್ ತಂಡ ಸೇರಿಸಿಕೊಂಡಿತ್ತು. ಮೇಲಿನ ಮೆಟ್ಟಿಲವರೆಗೆ ಇಬ್ಬರೂ ತಲುಪಲಿಲ್ಲ. ಹತ್ತಿದವರೂ ಇಳಿಯಬೇಕಾಗುತ್ತದೆ. 2025ರಲ್ಲಿ ಕುಮಾರ್‌ನನ್ನೇ ಮಧ್ಯದಲ್ಲಿ ರೌಂಡ್ ರಾಕ್‌ಗೆ ವಾಪಸ್ ಕಳಿಸಿದ್ದರು.

ಆದರೆ 2024ರ ಸೆಪ್ಟೆಂಬರ್ 12ರ ರಾತ್ರಿ ಅವನು ಸಿಯಾಟಲ್‌ನಲ್ಲಿ ಮೇಜರ್ ಲೀಗ್‌ನ ದಿಬ್ಬದ ಮೇಲೆ ನಿಂತಿದ್ದ. ಮೆಟ್ಸ್ ಸಹಿ ಹಾಕದೆ ಬಿಟ್ಟು ಮೂರು ವರ್ಷ ದಾಟಿತ್ತು. ಅಪ್ಪ ಅಷ್ಟರಲ್ಲಿ ಹಾಸನಕ್ಕೆ ಹೋಗಿಯಾಗಿತ್ತು. ಅಲ್ಲಿ ಶುಕ್ರವಾರ ಬೆಳಗ್ಗೆ, ಕಾಫಿ ಹೊತ್ತು. ನಾನು ಟಿವಿ ಮುಂದೆ ಕೂತು ಫೋನ್ ಮಾಡಿದೆ.

"ಎಷ್ಟು ವಿಕೆಟ್ ತೆಗೆದ?"

"ನಾಲ್ಕು ಇನಿಂಗ್ಸ್ ಹಾಕಿದ ಅಪ್ಪ. ಹನ್ನೆರಡು ಔಟ್‌ನಲ್ಲಿ ಏಳು ಸ್ಟ್ರೈಕ್‌ಔಟ್. ಒಂದೇ ರನ್ ಕೊಟ್ಟಿದ್ದು."

"ಅದಿರಲಿ, ಮೊಣಕೈ?"

"ಚೆನ್ನಾಗಿದೆ ಅಪ್ಪ. ಏನೂ ತೊಂದರೆ ಕಾಣಲಿಲ್ಲ."

"ಹಾಗಾದ್ರೆ ಸರಿ" ಅಂದು ಅಡುಗೆಮನೆ ಕಡೆ ತಿರುಗಿ ಅಮ್ಮನಿಗೆ ಕೂಗಿ ಹೇಳಿದರು, "ಕೇಳ್ದೇನೇ, ಕುಮಾರ್ ಆಡಿದ್ನಂತೆ!"